ಗ್ರ್ಯಾಂಟ್ ಹಣದ ತರಬೇತಿ ಅರ್ಧದಲ್ಲಿ ಕೈಗೆ ಬಂದಿದೆ, ಎಲ್ಲಿಂದ ಹಿಡಿಯಲಿ?

ಓಹಾಯೋ ಹಾಸನದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಓಹಾಯೋದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಏಳು ವಾರದ ಹಿಂದೆ ಕೆಲಸಕ್ಕೆ ಸೇರಿದೆ. ಗ್ರ್ಯಾಂಟ್ ಕೋಆರ್ಡಿನೇಟರ್ ಕೆಲಸ, ಅಂದರೆ ಸರ್ಕಾರದ ಅನುದಾನದಲ್ಲಿ ನಡೆಯುವ ಕೆಲಸ ನೋಡಿಕೊಳ್ಳುವುದು. ಫೆಡರಲ್ ಕಾರ್ಮಿಕ ಇಲಾಖೆಯ ಹಣದಲ್ಲಿ ನಡೆಯುವ ಎರಡು ತರಬೇತಿಗಳು ನನ್ನ ಪಾಲಿಗೆ ಬಂದಿವೆ. ಒಂದು ಕಾರ್ಖಾನೆ ಮೆಷಿನ್‌ಗಳ ಮೇಂಟೆನೆನ್ಸ್, ಇನ್ನೊಂದು ನೆಟ್‌ವರ್ಕ್ ಟೆಕ್ನಿಷಿಯನ್. ನಾಲ್ಕು ವರ್ಷದ ಗ್ರ್ಯಾಂಟ್, ಎರಡು ವರ್ಷ ಆಗಲೇ ಕಳೆದಿದೆ. ಮೊದಲು ನೋಡಿಕೊಳ್ಳುತ್ತಿದ್ದವರು ಬಿಟ್ಟು ಹೋದ ಮೇಲೆ ನಾಲ್ಕು ತಿಂಗಳು ಆ ಜಾಗಕ್ಕೆ ಯಾರೂ ಇರಲಿಲ್ಲ. 240 ಜನಕ್ಕೆ ಕಲಿಸುತ್ತೇವೆ ಅಂತ ಅರ್ಜಿಯಲ್ಲಿ ಬರೆದುಕೊಟ್ಟಿದ್ದಾರೆ. ಸೇರಿರುವವರು 83.

ಮೊದಲ ದಿನ ಕಬ್ಬಿಣದ ಬೀರು ತೆಗೆದೆ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್. ಕೆಲವದರಲ್ಲಿ ಎಲ್ಲಾ ಕಾಗದ ಇದೆ, ಕೆಲವದರಲ್ಲಿ ಬರೀ ಹೆಸರು. ಒಂದು ಫೋಲ್ಡರ್ ಮೇಲೆ ಹಳದಿ ಚೀಟಿ ಅಂಟಿಸಿತ್ತು, 'ವಾಪಸ್ ಫೋನ್ ಮಾಡಬೇಕು' ಅಂತ. ಚೀಟಿ ಮೇಲಿನ ತಾರೀಖು ಹದಿನಾಲ್ಕು ತಿಂಗಳು ಹಿಂದಿನದು. ಆ ನಂಬರಿಗೆ ಫೋನ್ ಮಾಡಿದೆ. ಆ ಮನುಷ್ಯ ಎತ್ತಿದ. 'ಕಾಲೇಜಿನವರು ನನ್ನನ್ನು ಮರೆತೇಬಿಟ್ಟರು ಅಂದುಕೊಂಡಿದ್ದೆ' ಅಂದ. ಅವನಿಗೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ.

ಇನ್ನೊಂದು ವಿಷಯ. ಈ ಹಣ ಎಲ್ಲಿಂದ ಬರುತ್ತದೆ ಅಂತ ಓದಿದಾಗ ಮೈ ಜುಮ್ಮೆಂದಿತು. ಎಚ್-1ಬಿ, ಅಂದರೆ ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವೀಸಾ, ಅದಕ್ಕೆ ಅರ್ಜಿ ಹಾಕುವಾಗ ಕಂಪನಿ ಒಂದು ತರಬೇತಿ ಶುಲ್ಕ ಕಟ್ಟುತ್ತದೆ. 25ಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ 1,500 ಡಾಲರ್, ಅದಕ್ಕಿಂತ ಚಿಕ್ಕ ಕಂಪನಿಯಾದರೆ 750. 1998ರ ಕಾಯ್ದೆಯಿಂದ ಶುರುವಾದದ್ದು ಇದು. ಆ ದುಡ್ಡಿನಲ್ಲಿ ಅರ್ಧ ಕಾರ್ಮಿಕ ಇಲಾಖೆಗೆ ಹೋಗಿ ಇಲ್ಲಿನ ಜನರಿಗೆ ಕೆಲಸ ಕಲಿಸುವ ಗ್ರ್ಯಾಂಟ್ ಆಗುತ್ತದೆ. ನಮ್ಮ ಮನೆಯವರ ಅರ್ಜಿಗೂ ಇದನ್ನು ಕಟ್ಟಿದ್ದರು. ನಾನು ಎಚ್-4ನಲ್ಲಿ, ಅಂದರೆ ಅವರ ಹೆಂಡತಿಯಾಗಿ ಸಿಗುವ ವೀಸಾದಲ್ಲಿ ಬಂದು ಐದು ವರ್ಷ ಮನೆಯಲ್ಲೇ ಇದ್ದೆ, ಇಎಡಿ (ಕೆಲಸ ಮಾಡುವ ಅನುಮತಿ ಪತ್ರ) ಕೈಗೆ ಬಂದ ಮೇಲೆ ಕೆಲಸ ಹುಡುಕಿದೆ, ಈಗ ಅದೇ ದುಡ್ಡಿನ ಲೆಕ್ಕ ನನ್ನ ಟೇಬಲ್ ಮೇಲೆ ಇದೆ. ಅದಕ್ಕೇ ಈ ಕೆಲಸ ಕೆಡಬಾರದು ಅಂತ ನನಗೆ ತುಂಬಾ ಇದೆ.

ಪ್ರತಿ ಕ್ವಾರ್ಟರ್, ಅಂದರೆ ಮೂರು ತಿಂಗಳು, ಮುಗಿದು 45 ದಿನದೊಳಗೆ ವರದಿ ಹೋಗಬೇಕು. ಜನರನ್ನು ಸೇರಿಸಲಾ, ಹಳೇ ಕಾಗದ ಸರಿ ಮಾಡಲಾ, ಕಂಪನಿಗಳ ಹತ್ತಿರ ಹೋಗಲಾ? ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಇಲಿನಾಯ್ಸ್ ಲೆಕ್ಕದವನು:

ಮೇಡಂ, ಕಮ್ಯುನಿಟಿ ಕಾಲೇಜುಗಳ ಗ್ರ್ಯಾಂಟ್ ಲೆಕ್ಕ ನೋಡಿಕೊಂಡು 14 ವರ್ಷ ಆಯಿತು. ಗಾಬರಿ ಬೇಡ. ಅರ್ಧದಲ್ಲಿ ಕೈ ಬದಲಾಗದ ಗ್ರ್ಯಾಂಟನ್ನು ನಾನು ನೋಡಿದ್ದು ಕಡಿಮೆ.

ಅರ್ಜಿ ಜೊತೆಗೆ ಅವಾರ್ಡ್ ಪತ್ರ ಮತ್ತು ಅದರ ಕರಾರು ಓದಿ. ಅರ್ಜಿಯಲ್ಲಿ ಬರೆದವರ ಆಸೆ ಇರುತ್ತದೆ, ಇಲಾಖೆ ಒಪ್ಪಿದ್ದು ಏನು ಅಂತ ಪತ್ರದಲ್ಲಿ ಇರುತ್ತದೆ. ಆಮೇಲೆ ಇಲಾಖೆಯ ಕಡೆಯಿಂದ ನಿಮ್ಮ ಗ್ರ್ಯಾಂಟ್ ನೋಡಿಕೊಳ್ಳುವ ಫೆಡರಲ್ ಪ್ರಾಜೆಕ್ಟ್ ಆಫೀಸರ್‌ಗೆ ಈ ವಾರವೇ ಫೋನ್ ಮಾಡಿ. 83 ಅಂತ ನೀವೇ ಹೇಳಿ. ಮುಚ್ಚಿಡಬೇಡಿ. ಕೊನೆಯ ವರ್ಷದಲ್ಲಿ ಅವರಿಗೆ ಗೊತ್ತಾದರೆ ಏನೂ ಮಾಡಲು ಆಗುವುದಿಲ್ಲ. ಈಗ ಹೇಳಿದರೆ ಬಜೆಟ್ ಬದಲಾಯಿಸುವುದಕ್ಕೆ, ಗುರಿಯ ಬಗ್ಗೆ ಮಾತಾಡುವುದಕ್ಕೆ, ಬೇಕಾದರೆ ಹೆಚ್ಚಿನ ಹಣವಿಲ್ಲದೆ ಅವಧಿ ವಿಸ್ತರಿಸಿ ಅಂತ ಕೇಳುವುದಕ್ಕೆ ಸಮಯ ಇರುತ್ತದೆ.

ಇನ್ನು ಟೈಮ್‌ಶೀಟ್. ಜನ ಸಿಕ್ಕಿಬೀಳುವುದು ಇಲ್ಲೇ. ಒಬ್ಬ ಮೇಷ್ಟ್ರ ಸಂಬಳ ಗ್ರ್ಯಾಂಟಿನಿಂದ 60 ಪಾಲು, ಕಾಲೇಜಿನಿಂದ 40 ಪಾಲು ಅಂತ ಬಜೆಟ್‌ನಲ್ಲಿ ಇದೆ ಅಂದುಕೊಳ್ಳಿ. ಪ್ರತಿ ತಿಂಗಳೂ ಸುಮ್ನೆ 60 ಅಂತ ಬರೆದು ಸಹಿ ಹಾಕಿಸಿದರೆ ಆಗದು. ನಿಜವಾಗಿ ಎಷ್ಟು ಕೆಲಸ ಮಾಡಿದರೋ ಅಷ್ಟೇ ಹಾಕಬೇಕು. ನಾನು ಮೊದಲಿದ್ದ ಒಂದು ಕಡೆ ಆಡಿಟ್‌ನಲ್ಲಿ ಇದು ಹೊರಬಂದು, ಒಂದು ಸೆಮಿಸ್ಟರಿನ ಸಂಬಳವನ್ನು ಕಾಲೇಜು ತನ್ನ ಕೈಯಿಂದ ವಾಪಸ್ ಕಟ್ಟಿತು. ಕೆಲಸ ನಡೆದಿತ್ತು, ಪಾಠ ಆಗಿತ್ತು, ಹುಡುಗರು ಕಲಿತಿದ್ದರು. ಕಾಗದ ಮಾತ್ರ ಇರಲಿಲ್ಲ.

ಫೆಡರಲ್ ನಿಯಮಗಳು 2024ರ ಅಕ್ಟೋಬರ್ 1ರಿಂದ ಬದಲಾಗಿವೆ. ಮೊದಲು ಕೊಂಡ ಒಂದು ವಸ್ತುವಿನ ಬೆಲೆ 5,000 ಡಾಲರ್ ದಾಟಿದರೆ 'ಇಕ್ವಿಪ್‌ಮೆಂಟ್' ಅಂತ ಲೆಕ್ಕ, ಈಗ 10,000. ಕಾಲೇಜಿಗೆ ಒಪ್ಪಂದದ ಇನ್‌ಡೈರೆಕ್ಟ್ ದರ (ಕಚೇರಿ, ಕರೆಂಟಿನಂಥ ಸಾಮಾನ್ಯ ಖರ್ಚಿಗೆ ಹಾಕಿಕೊಳ್ಳುವ ಪಾಲು) ಇಲ್ಲದಿದ್ದರೆ ಹಾಕಿಕೊಳ್ಳಬಹುದಾದ ದರ 10ರಿಂದ 15 ಪರ್ಸೆಂಟ್ ಆಯಿತು. ಆದರೆ ನಿಮ್ಮ ಗ್ರ್ಯಾಂಟ್ ಹಳೆಯದಾದರೆ ಹಳೇ ನಿಯಮವೇ ನಡೆಯಬಹುದು. ಅವಾರ್ಡ್ ಪತ್ರ ಓದಿ ಅಂದದ್ದು ಅದಕ್ಕೇ.

ಮೈಸೂರು ಮಲ್ಲಿಗೆ_82:

ಕೇಳಿದ್ದಕ್ಕೆ ತಪ್ಪು ತಿಳಿಯಬೇಡಿ, ಕಮ್ಯುನಿಟಿ ಕಾಲೇಜು ಅಂದರೆ ನಮ್ಮ ಪಿಯು ಕಾಲೇಜಿನ ಹಾಗಾ, ಪಾಲಿಟೆಕ್ನಿಕ್ ಹಾಗಾ? ನನ್ನ ತಂಗಿ ಮಗಳು ಅಲ್ಲಿಗೆ ಹೋಗಿದ್ದಾಳೆ, ಅದಕ್ಕೇ ಕೇಳಿದೆ.

ಇಲಿನಾಯ್ಸ್ ಲೆಕ್ಕದವನು:

ಎರಡೂ ಸೇರಿದ ಹಾಗೆ ಅನ್ನಬಹುದು. ಎರಡು ವರ್ಷದ ಸರ್ಕಾರಿ ಕಾಲೇಜು, ಫೀಸು ಕಡಿಮೆ, ಸೇರಲು ದೊಡ್ಡ ಪರೀಕ್ಷೆ ಇಲ್ಲ. ನಮ್ಮ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಮೊದಲನೆಯದು ಶುರುವಾಯಿತು. ಅಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗುವವರು ಇದ್ದಾರೆ, ವೆಲ್ಡಿಂಗ್, ನರ್ಸಿಂಗ್ ಕಲಿತು ಸೀದಾ ಕೆಲಸಕ್ಕೆ ಹೋಗುವವರೂ ಇದ್ದಾರೆ. ಹದಿನೆಂಟರ ಹುಡುಗನ ಪಕ್ಕದಲ್ಲಿ ಐವತ್ತರ ತಾಯಿ ಕೂತಿರುತ್ತಾರೆ. ತರಬೇತಿ ಗ್ರ್ಯಾಂಟ್‌ಗಳು ಇಲ್ಲಿಗೆ ಬರುವುದು ಅದಕ್ಕೇ. 2011ರಿಂದ 2018ರವರೆಗೆ ಟ್ಯಾಕ್ಟ್ ಅಂತ ಒಂದು ದೊಡ್ಡ ಯೋಜನೆ ನಡೆಯಿತು, ಸುಮಾರು 190 ಕೋಟಿ ಡಾಲರ್, 256 ಗ್ರ್ಯಾಂಟ್.

ಓಹಾಯೋ ಮೇಡಂ, ಇದರಿಂದ ನಿಮಗೂ ಒಂದು ಉಪಯೋಗ ಇದೆ. ಆ ಹಣದಲ್ಲಿ ಮಾಡಿದ ಪಠ್ಯವನ್ನೆಲ್ಲ ಯಾರು ಬೇಕಾದರೂ ಬಳಸುವ ಲೈಸೆನ್ಸಿನಲ್ಲಿ ಕೊಡಬೇಕು ಅಂತ ಕರಾರು ಇತ್ತು. ಮೆಷಿನ್ ಮೇಂಟೆನೆನ್ಸ್ ಪಾಠ ಬೇಕಾದಷ್ಟಿದೆ. ಹೊಸದಾಗಿ ಬರೆಸಲು ದುಡ್ಡು ಹಾಕಬೇಡಿ.

ಟೆಕ್ಸಸ್ ಟೀಚರ್ ಅಮ್ಮ:

ತಂಗಿ, ನಾನು ನರ್ಸ್. ಹನ್ನೊಂದು ವರ್ಷದಿಂದ ನರ್ಸ್ ಏಡ್, ಅಂದರೆ ನರ್ಸ್ ಸಹಾಯಕರ, ತರಬೇತಿ ಕೊಡುತ್ತಿದ್ದೇನೆ. ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ, ನಮ್ಮ ಟೆಕ್ಸಸ್‌ನಲ್ಲಿ 100. ತೀರಾ ಚಿಕ್ಕ ಕೋರ್ಸು. ಆದರೂ ಮಧ್ಯದಲ್ಲಿ ಬಿಡುತ್ತಾರೆ. ಪಾಠ ಕಷ್ಟ ಅಂತ ಬಿಟ್ಟವರನ್ನು ನಾನು ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಬಿಟ್ಟದ್ದು ಕಾರು ಕೆಟ್ಟು, ಮಗುವಿಗೆ ಜ್ವರ ಬಂದು, ಮನೆ ಬಾಡಿಗೆ ಕಟ್ಟಲು ಇನ್ನೊಂದು ಶಿಫ್ಟ್ ಮಾಡಬೇಕಾಗಿ ಬಂದು.

ಒಂದು ಬ್ಯಾಚಿನಲ್ಲಿ ಒಬ್ಬಳು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಹಾಸಿಗೆಯಲ್ಲಿ ಮಲಗಿದವರನ್ನು ಮಗ್ಗುಲು ತಿರುಗಿಸುವಾಗ ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ ಇಟ್ಟು, 'ಈಗ ತಿರುಗಿಸುತ್ತೇನೆ' ಅಂತ ಮೊದಲು ಹೇಳಿ ಆಮೇಲೆ ಮುಟ್ಟುತ್ತಿದ್ದಳು. ಹೇಳಿಕೊಡದೆ ಬಂದ ಗುಣ ಅದು. ಕ್ಲಿನಿಕಲ್, ಅಂದರೆ ನರ್ಸಿಂಗ್ ಹೋಮಿನಲ್ಲಿ ಮಾಡುವ ಪ್ರಾಕ್ಟಿಕಲ್, ಇನ್ನು ನಾಲ್ಕು ದಿನ ಇದೆ ಅನ್ನುವಾಗ ಬರಲಿಲ್ಲ. ಫೋನ್ ಮಾಡಿದರೆ ಟೈರ್ ಒಡೆದಿದೆ, ಬದಲಾಯಿಸಲು ದುಡ್ಡಿಲ್ಲ, ನರ್ಸಿಂಗ್ ಹೋಮ್ ಇರುವ ಕಡೆಗೆ ಬಸ್ ಇಲ್ಲ. ಒಂದು ಟೈರ್! ಗ್ರ್ಯಾಂಟಿನಲ್ಲಿ ಸಪೋರ್ಟಿವ್ ಸರ್ವಿಸ್ ಅಂತ ಇಂಥ ಕಷ್ಟಕ್ಕೇ ಹಣ ಇತ್ತು, ಆದರೆ ಅರ್ಜಿ, ಮೂರು ಕೊಟೇಶನ್, ಎರಡು ಸಹಿ ಎಲ್ಲಾ ಆಗಲು ಎರಡು ವಾರ. ಅಷ್ಟರಲ್ಲಿ ಬ್ಯಾಚ್ ಮುಗಿದಿತ್ತು.

ಆಮೇಲೆ ನಾವು ಕಾಲೇಜಿನ ಲೆಕ್ಕದ ವಿಭಾಗದ ಜೊತೆ ಕೂತು ಒಂದು ಚಿಕ್ಕ ನಿಯಮ ಬರೆಸಿಕೊಂಡೆವು. ಇಂತಿಷ್ಟು ಡಾಲರ್‌ವರೆಗೆ ಕೋಆರ್ಡಿನೇಟರ್ ಅವತ್ತೇ ಮಂಜೂರು ಮಾಡಬಹುದು, ಕಾಗದ ಐದು ದಿನದಲ್ಲಿ ಬರಬೇಕು ಅಂತ. ಪೆಟ್ರೋಲ್ ಕಾರ್ಡ್ ಕೊಟ್ಟರೆ ಪುಸ್ತಕದಲ್ಲಿ ನಂಬರ್, ತಾರೀಖು, ತೆಗೆದುಕೊಂಡವರ ಸಹಿ. ನಿನ್ನ ಗ್ರ್ಯಾಂಟಿನಲ್ಲಿ ಈ ಖರ್ಚಿಗೆ ಮಿತಿ ಇರಬಹುದು, ನೋಡು. ಆದರೆ ಮೊದಲು ಮಾಡಬೇಕಾದದ್ದು ಇದೇ ಅಂತ ನನ್ನ ಮಾತು.

ಭದ್ರಾವತಿ ಬಾಯ್, ಮಿಶಿಗನ್:

ನಾನು ಕೆಲಸ ಕೊಡುವ ಕಡೆಯವನು. ಆಟೋ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಮ್ಯಾನೇಜರ್. ಅಪ್ಪ ಭದ್ರಾವತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾನು ಐಟಿಐ ಮುಗಿಸಿಯೇ ಡಿಪ್ಲೊಮಾಗೆ ಹೋದವನು. ಅದಕ್ಕೆ ಈ ತರಬೇತಿಗಳ ಬೆಲೆ ನನಗೆ ಗೊತ್ತು.

ನಿಮ್ಮ ಅರ್ಜಿಯಲ್ಲಿ ಕಂಪನಿಗಳ ಪತ್ರಗಳು ಇರುತ್ತವೆ ಅಲ್ವಾ? ಅವನ್ನು ತೆಗೆದು ಒಂದು ಸಲ ನಿಧಾನವಾಗಿ ಓದಿ. 'ಸಂದರ್ಶನಕ್ಕೆ ಕರೆಯುತ್ತೇವೆ' ಅಂತ ಇರುತ್ತದೆ, 'ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ' ಅಂತ ಇರುವುದಿಲ್ಲ. ಸಹಿ ಮಾಡಿದ್ದು ಎಚ್‌ಆರ್. ಆ ಎಚ್‌ಆರ್ ಈಗ ಅಲ್ಲಿ ಇದ್ದಾರೋ ಇಲ್ಲವೋ. ಯಾರನ್ನು ತೆಗೆದುಕೊಳ್ಳಬೇಕು ಅಂತ ಕೊನೆಗೆ ಹೇಳುವವನು ಶಿಫ್ಟ್ ಸೂಪರ್‌ವೈಸರ್. ಅವನಿಗೆ ನಿಮ್ಮ ಕೋರ್ಸಿನ ಹೆಸರೇ ಗೊತ್ತಿರುವುದಿಲ್ಲ.

ನಮ್ಮ ಹತ್ತಿರದ ಒಂದು ಕಾಲೇಜು ಪಿಎಲ್‌ಸಿ (ಮೆಷಿನ್ ನಡೆಸುವ ಚಿಕ್ಕ ಕಂಪ್ಯೂಟರ್) ಪಾಠವನ್ನು ಸೀಮೆನ್ಸ್ ಕಂಪನಿಯದರ ಮೇಲೆ ಕಲಿಸುತ್ತಿತ್ತು. ಚೆನ್ನಾಗಿಯೇ ಕಲಿಸುತ್ತಿದ್ದರು. ನಮ್ಮ ಫ್ಲೋರ್‌ನಲ್ಲಿ ಇರುವುದೆಲ್ಲ ಇನ್ನೊಂದು ಕಂಪನಿಯ ಅಲೆನ್-ಬ್ರಾಡ್ಲಿ. ಹುಡುಗರು ಬಂದು ಪ್ಯಾನೆಲ್ ಬಾಗಿಲು ತೆಗೆದು ಹಾಗೇ ನಿಂತುಬಿಡುತ್ತಿದ್ದರು. ಎರಡು ವರ್ಷ ಯಾರೂ ಬಂದು ನೋಡಿರಲಿಲ್ಲ, ನಾವೂ ಕರೆದಿರಲಿಲ್ಲ. ಒಂದು ದಿನ ಅಲ್ಲಿಯ ಮೇಷ್ಟ್ರು ಬಂದು ಸುತ್ತಾಡಿ, ಯಾವ ಸೆನ್ಸರ್ ಜಾಸ್ತಿ ಹೋಗುತ್ತದೆ, ರಾತ್ರಿ ಪಾಳಿಯಲ್ಲಿ ಯಾವ ಕನ್ವೇಯರ್ ನಿಲ್ಲುತ್ತದೆ ಅಂತ ಬರೆದುಕೊಂಡು ಹೋದರು. ಮುಂದಿನ ಬ್ಯಾಚಿನಿಂದ ಮೂರು ಜನರನ್ನು ತೆಗೆದುಕೊಂಡೆವು. ಮೂವರೂ ಈಗಲೂ ಇದ್ದಾರೆ.

ಶಿಫ್ಟ್ ಸಮಯ ಕೇಳಿ. ಮಧ್ಯಾಹ್ನ 3ರಿಂದ ರಾತ್ರಿ 11ರ ಪಾಳಿಯವರಿಗೆ ಸಂಜೆ 6ರ ಕ್ಲಾಸ್ ಇಟ್ಟರೆ ಯಾರು ಬರುತ್ತಾರೆ ಹೇಳಿ.

ಡಲ್ಲಾಸ್ ದಾವಣಗೆರೆ:

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ, ಆದರೆ ನನಗೆ ಒಂದು ಭಿನ್ನ ಅಭಿಪ್ರಾಯ ಇದೆ. ನಾನು ಮೂರು ಗ್ರ್ಯಾಂಟ್ ನಡೆಸಿದ್ದೇನೆ. ಉಳಿದಿರುವುದು ಎರಡು ವರ್ಷ, ಬಾಕಿ 157 ಜನ. ಮೊದಲು ಸಂಖ್ಯೆ ತುಂಬಿಸಿ. ಗುರಿ ಮುಟ್ಟದಿದ್ದರೆ ಮುಂದಿನ ಗ್ರ್ಯಾಂಟ್ ಬರುವುದು ಕಷ್ಟ, ಆಗ ಯಾರಿಗೂ ಕಲಿಸಲು ಆಗುವುದಿಲ್ಲ. ಪ್ರತಿ ಕೌಂಟಿಯಲ್ಲಿರುವ ಓಹಾಯೋಮೀನ್ಸ್‌ಜಾಬ್ಸ್ ಕೇಂದ್ರಕ್ಕೆ, ಅಂದರೆ ಕೆಲಸ ಹುಡುಕುವವರು ಬರುವ ಸರ್ಕಾರಿ ಕೇಂದ್ರಕ್ಕೆ, ವಾರಕ್ಕೊಂದು ದಿನ ಹೋಗಿ ಕೂರಿ, ಬಂದವರನ್ನು ಅಲ್ಲೇ ಸೇರಿಸಿಕೊಳ್ಳಿ. ಮಿಕ್ಕಿದ್ದನ್ನು ಆಮೇಲೆ ಸರಿಪಡಿಸಬಹುದು.

ಟೆಕ್ಸಸ್ ಟೀಚರ್ ಅಮ್ಮ:

ಕೇಂದ್ರದಲ್ಲಿ ಹೋಗಿ ಕೂರು ಅಂದದ್ದು ಒಳ್ಳೆಯ ಮಾತು, ಒಪ್ಪಿದೆ. ಆದರೆ ಅಣ್ಣ, ಸಿಕ್ಕವರನ್ನೆಲ್ಲ ಸೇರಿಸಿಕೊಂಡು ಅರ್ಧ ಜನ ಬಿಟ್ಟು ಹೋದರೆ ಅದೂ ವರದಿಯಲ್ಲಿ ಬರುತ್ತದೆ. ಬಿಟ್ಟು ಹೋದವರು 'ನನ್ನ ಕೈಲಿ ಓದು ಆಗಲ್ಲ' ಅಂತ ಮನಸ್ಸಿಗೆ ಹಚ್ಚಿಕೊಂಡು ಮನೆಗೆ ಹೋಗುತ್ತಾರೆ. ಅದನ್ನು ಆಮೇಲೆ ಸರಿಪಡಿಸುವುದು ಹೇಗೆ?

ತುಮಕೂರು ಪಾಲಿಟೆಕ್ನಿಕ್:

ಇಲ್ಲಿಂದ ನಾನೂ ಒಂದು ಮಾತು ಸೇರಿಸಲಾ? ನಮ್ಮ ಪಾಲಿಟೆಕ್ನಿಕ್‌ನಲ್ಲಿ ಸಿಡಿಟಿಪಿ, ಅಂದರೆ ಪಾಲಿಟೆಕ್ನಿಕ್‌ಗಳ ಮೂಲಕ ಊರಿನವರಿಗೆ ಉಚಿತ ತರಬೇತಿ ಕೊಡುವ ಕೇಂದ್ರದ ಯೋಜನೆ, ಅದರಲ್ಲಿ ಕೆಲಸ ಮಾಡಿದೆ. ಟೈಲರಿಂಗ್, ಮನೆ ವೈರಿಂಗ್, ಕಂಪ್ಯೂಟರ್. ಆಮೇಲೆ ಪಿಎಂಕೆವಿವೈ, ಅಂದರೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ, ಅದರ ಬ್ಯಾಚುಗಳನ್ನೂ ನೋಡಿಕೊಂಡೆ. ಅದರಲ್ಲಿ ಹಣ ಮೂರು ಕಂತಲ್ಲಿ ಬರುತ್ತಿತ್ತು. ಸೇರಿದಾಗ 30 ಪರ್ಸೆಂಟ್, ಸರ್ಟಿಫಿಕೇಟ್ ಆದಾಗ 50, ಕೆಲಸ ಸಿಕ್ಕಿದೆ ಅಂತ ತೋರಿಸಿದಾಗ ಕೊನೆಯ 20. ಆ ಕೊನೆಯ 20ಕ್ಕೆ ಒದ್ದಾಡಿದಷ್ಟು ಯಾವುದಕ್ಕೂ ಒದ್ದಾಡಿಲ್ಲ.

ಕಾರಣ ಫೋನ್ ನಂಬರ್. ಹುಡುಗಿಯರು ಸೇರುವಾಗ ಅಪ್ಪನದೋ ಅಣ್ಣನದೋ ನಂಬರ್ ಕೊಡುತ್ತಾರೆ. ಆರು ತಿಂಗಳಾದ ಮೇಲೆ ಫೋನ್ ಮಾಡಿದರೆ ಅಣ್ಣ ಎತ್ತಿ 'ಮದುವೆ ಆಯ್ತು, ಊರಲ್ಲಿಲ್ಲ' ಅನ್ನುತ್ತಾನೆ. ಅವಳು ಅಲ್ಲೇ ಎಲ್ಲೋ ಹೊಲಿಗೆ ಮೆಷಿನ್ ಇಟ್ಟುಕೊಂಡು ದುಡಿಯುತ್ತಿರುತ್ತಾಳೆ, ನಮ್ಮ ಲೆಕ್ಕದಲ್ಲಿ ಮಾತ್ರ ಕಳೆದುಹೋಗಿರುತ್ತಾಳೆ. ಆಮೇಲೆ ಬುದ್ಧಿ ಬಂತು. ಸೇರುವ ದಿನವೇ ಎರಡನೇ ನಂಬರ್ ಕೇಳಲು ಶುರು ಮಾಡಿದೆವು. ಊರಿನ ಸ್ತ್ರೀಶಕ್ತಿ ಸಂಘದವರದು, ಇಲ್ಲಾ ಆಶಾ ಕಾರ್ಯಕರ್ತೆಯದು. ಆ ಅಕ್ಕಂದಿರಿಗೆ ಯಾರ ಮಗಳು ಯಾವ ಊರಿಗೆ ಹೋದಳು, ಏನು ಮಾಡುತ್ತಿದ್ದಾಳೆ ಎಲ್ಲಾ ಗೊತ್ತಿರುತ್ತದೆ. ನಿಮ್ಮ ಕಡೆ ಅಂಥವರು ಯಾರು ಅಂತ ಹುಡುಕಿ. ಯಾರಾದರೂ ಇದ್ದೇ ಇರುತ್ತಾರೆ.

ಇಲಿನಾಯ್ಸ್ ಲೆಕ್ಕದವನು:

ತುಮಕೂರಿನವರು ಹೇಳಿದ್ದು ಇಲ್ಲಿಗೂ ಅಕ್ಷರಶಃ ನಿಜ. ಕಾರಣ ಬಿಡಿಸಿ ಹೇಳುತ್ತೇನೆ.

ಇಲ್ಲಿನ ತರಬೇತಿಗಳ ಅಳತೆ 'ಎಕ್ಸಿಟ್' ಮೇಲೆ ನಿಂತಿದೆ. 2014ರ ಉದ್ಯೋಗ ತರಬೇತಿ ಕಾಯ್ದೆ ತಂದ ಪದ್ಧತಿಯಲ್ಲಿ ಒಬ್ಬರಿಗೆ 90 ದಿನ ಯಾವ ಸೇವೆಯೂ ಇಲ್ಲದಿದ್ದರೆ, ಕೊನೆಯ ಸೇವೆ ಕೊಟ್ಟ ದಿನವೇ ಅವರ ಎಕ್ಸಿಟ್. ಅಲ್ಲಿಂದ ಎರಡನೇ ಕ್ವಾರ್ಟರ್‌ನಲ್ಲಿ ಕೆಲಸದಲ್ಲಿ ಇದ್ದಾರಾ, ಸಂಬಳ ಎಷ್ಟು, ನಾಲ್ಕನೇ ಕ್ವಾರ್ಟರ್‌ನಲ್ಲಿ ಕೆಲಸದಲ್ಲಿ ಇದ್ದಾರಾ ಅಂತ ನೋಡುತ್ತಾರೆ. ಫೆಬ್ರವರಿಯಲ್ಲಿ ಮುಗಿಸಿದವರ ಎರಡನೇ ಕ್ವಾರ್ಟರ್ ಅಂದರೆ ಜುಲೈಯಿಂದ ಸೆಪ್ಟೆಂಬರ್. ನಾಲ್ಕನೆಯದು ಮುಂದಿನ ವರ್ಷದ ಜನವರಿಯಿಂದ ಮಾರ್ಚ್. ಹಾಗಾದರೆ ಗ್ರ್ಯಾಂಟಿನ ಕೊನೆಯ ಆರು ತಿಂಗಳಲ್ಲಿ ಗಡಿಬಿಡಿಯಲ್ಲಿ ಸೇರಿಸಿಕೊಂಡವರ ಫಲ ನೋಡುವ ಹೊತ್ತಿಗೆ ಗ್ರ್ಯಾಂಟೂ ಇರುವುದಿಲ್ಲ, ನಿಮ್ಮ ಹುದ್ದೆಯೂ ಇರುವುದಿಲ್ಲ. ದಾವಣಗೆರೆ ಸರ್ ಹೇಳಿದ ಹಾಗೆ ಸಂಖ್ಯೆ ಬೇಕು, ಆದರೆ ಆ ಸಂಖ್ಯೆ ಮೂರನೇ ವರ್ಷದಲ್ಲೇ ಆಗಬೇಕು.

ಆ 83 ಜನರ ಪಟ್ಟಿ ಮಾಡಿ. ಪ್ರತಿಯೊಬ್ಬರ ಮುಂದೆ ಕೊನೆಯ ಸೇವೆಯ ದಿನ, ಎರಡನೇ ಕ್ವಾರ್ಟರ್, ನಾಲ್ಕನೇ ಕ್ವಾರ್ಟರ್ ಬರೆಯಿರಿ. ಯಾರ ಕ್ವಾರ್ಟರ್ ಈಗ ನಡೆಯುತ್ತಿದೆಯೋ ಅವರಿಗೆ ಮೊದಲು ಫೋನ್ ಮಾಡಿ.

ಓಹಾಯೋ ಹಾಸನದವಳು:

ಮೂರು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ.

ಪಟ್ಟಿ ಮಾಡಿದೆ. 83ರಲ್ಲಿ 19 ಜನರ ನಂಬರ್ ಸತ್ತಿದೆ. ಉಳಿದವರಲ್ಲಿ 41 ಜನ ಫೋನಿಗೆ ಸಿಕ್ಕರು. ಅವರಲ್ಲಿ 26 ಜನ ಕೆಲಸದಲ್ಲಿದ್ದಾರೆ! ಇಷ್ಟು ದಿನ ವರದಿಯಲ್ಲಿ ಇದ್ದದ್ದು 11. ಅವರು ಯಾವಾಗಲೋ ಕೆಲಸಕ್ಕೆ ಸೇರಿದ್ದಾರೆ, ಯಾರೂ ಕೇಳಿಲ್ಲ ಅಷ್ಟೇ. ಪೇ ಸ್ಟಬ್ (ಸಂಬಳದ ಚೀಟಿ) ಫೋಟೋ ಕಳಿಸಿ ಅಂದರೆ ಅರ್ಧ ಗಂಟೆಯಲ್ಲಿ ಕಳಿಸಿದರು. ಒಬ್ಬ ತನ್ನ ಹೊಸ ಯೂನಿಫಾರ್ಮಿನ ಫೋಟೋನೂ ಕಳಿಸಿದ, ಜೇಬಿನ ಮೇಲೆ ಅವನ ಹೆಸರು ಹೊಲಿದಿತ್ತು.

ಪ್ರಾಜೆಕ್ಟ್ ಆಫೀಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯಲಿಲ್ಲ. ತಿಂಗಳಿಗೊಂದು ಸಲ ಮಾತಾಡೋಣ, ಬದಲಾವಣೆ ಏನು ಬೇಕು ಅಂತ ಬರೆದು ಕಳಿಸಿ ಅಂದರು.

ಟೀಚರಮ್ಮ, ತಕ್ಷಣ ಸಹಾಯ ಕೊಡುವ ನಿಯಮದ ಕರಡು ಲೆಕ್ಕದ ವಿಭಾಗಕ್ಕೆ ಹೋಗಿದೆ. ಭದ್ರಾವತಿ ಅಣ್ಣ, ನೀವು ಹೇಳಿದ ಹಾಗೆ ಪತ್ರಗಳನ್ನು ಓದಿದೆ. ಆರು ಕಂಪನಿಗಳಲ್ಲಿ ಎರಡರಲ್ಲಿ ಸಹಿ ಮಾಡಿದವರು ಬಿಟ್ಟು ಹೋಗಿದ್ದಾರೆ. ಒಂದು ಕಡೆ ಶಿಫ್ಟ್ ಸೂಪರ್‌ವೈಸರ್ ಜೊತೆ ಮಾತಾಡಿ ಬಂದೆ. ಕ್ಲಾಸನ್ನು ಬೆಳಗ್ಗೆ 9ಕ್ಕೆ ಇಟ್ಟರೆ ಎರಡನೇ ಪಾಳಿಯಿಂದ ಐದು ಜನರನ್ನು ಕಳಿಸುತ್ತೇನೆ ಅಂದಿದ್ದಾರೆ.

ಈಗ ಒಂದೇ ಚಿಂತೆ. ಎರಡು ವರ್ಷ ಆದ ಮೇಲೆ ಹಣ ನಿಲ್ಲುತ್ತದೆ. ಲ್ಯಾಬ್ ಇರುತ್ತದೆ, ಕಲಿಯಬೇಕಾದವರು ಇರುತ್ತಾರೆ. ಫೀಸು ಯಾರು ಕಟ್ಟುತ್ತಾರೆ?

ಇಲಿನಾಯ್ಸ್ ಲೆಕ್ಕದವನು:

26! ಓದಿ ತುಂಬಾ ಖುಷಿಯಾಯಿತು ಮೇಡಂ.

ಫೀಸಿನ ವಿಷಯಕ್ಕೆ ಒಂದು ದಾರಿ ಇದೆ. ವರ್ಕ್‌ಫೋರ್ಸ್ ಪೆಲ್ ಅಂತ. ಪೆಲ್ ಗ್ರ್ಯಾಂಟ್ ಅಂದರೆ ಕಡಿಮೆ ಆದಾಯದ ವಿದ್ಯಾರ್ಥಿಗಳ ಫೀಸಿಗೆ ಫೆಡರಲ್ ಸರ್ಕಾರ ಕೊಡುವ ಹಣ. ಇಷ್ಟು ದಿನ ಅದು ಇಂಥ ಚಿಕ್ಕ ಕೋರ್ಸುಗಳಿಗೆ ಸಿಗುತ್ತಿರಲಿಲ್ಲ. 2025ರ ಕಾಯ್ದೆ ಪ್ರಕಾರ 2026ರ ಜುಲೈ 1ರಿಂದ 8 ವಾರದಿಂದ 15 ವಾರದೊಳಗಿನ, 150ರಿಂದ 600 ಗಂಟೆಯೊಳಗಿನ ಕೋರ್ಸಿಗೂ ಸಿಗಬಹುದು. ಗವರ್ನರ್ ಒಪ್ಪಿಗೆ ಬೇಕು. ಸೇರಿದವರಲ್ಲಿ 70 ಪರ್ಸೆಂಟ್ ಮುಗಿಸಿರಬೇಕು, ಮುಗಿಸಿದವರಲ್ಲಿ 70 ಪರ್ಸೆಂಟ್ ಕೆಲಸಕ್ಕೆ ಸೇರಿರಬೇಕು. ಕೋರ್ಸು ಕನಿಷ್ಠ ಒಂದು ವರ್ಷ ನಡೆದಿರಬೇಕು. ನೀವು ಈಗ ಮಾಡುತ್ತಿರುವ ಫೋನ್‌ಗಳು, ಆ ಪೇ ಸ್ಟಬ್‌ಗಳು, ಟೈರಿಗೆ ಕೊಡುವ ಹಣ, ಎಲ್ಲಾ ಆ ಎರಡು 70ಕ್ಕೆ ಬೇಕು. ನೆಟ್‌ವರ್ಕ್ ಕೋರ್ಸು ಎಷ್ಟು ವಾರದ್ದು?

ಓಹಾಯೋ ಹಾಸನದವಳು:

18 ವಾರ ಸರ್, ವಾರಕ್ಕೆ ಎರಡು ಸಂಜೆ. ಗಂಟೆ ಲೆಕ್ಕ 144. ಎರಡರಲ್ಲೂ ಹೊಂದುವುದಿಲ್ಲ ಅಲ್ವಾ? ವಾರಕ್ಕೆ ನಾಲ್ಕು ದಿನ ಮಾಡಿ, ಕೇಬಲಿಂಗ್ ಪ್ರಾಕ್ಟಿಕಲ್ ಸೇರಿಸಿದರೆ 12 ವಾರದಲ್ಲಿ 190 ಗಂಟೆ ಬರುತ್ತದೆ. ಪಠ್ಯ ಸಮಿತಿ ಮುಂದಿನ ತಿಂಗಳು ಸೇರುತ್ತದೆ. ಮೇಷ್ಟ್ರ ಹತ್ತಿರ ನಾಳೆಯೇ ಮಾತಾಡುತ್ತೇನೆ.

ಆ ಹಳದಿ ಚೀಟಿಯ ಮನುಷ್ಯ ಸೋಮವಾರದಿಂದ ಕ್ಲಾಸಿಗೆ ಬರುತ್ತಿದ್ದಾನೆ. ಎರಡನೇ ನಂಬರ್ ಕೇಳಿದೆ. ತನ್ನ ಚರ್ಚಿನಲ್ಲಿ ಅಡುಗೆ ಮಾಡುವ ಅಜ್ಜಿಯದು ಕೊಟ್ಟ.